ಬ್ಯಾಟರಿ ಹೊಸದು, ಲೈಟ್ ಮಾತ್ರ ಮಂದ

ಸರ್, ನಮ್ಮದು 2004ರ ಓಮ್ನಿ. ರಾತ್ರಿ ಚಿಕ್ಕೋಡಿಯಿಂದ ಊರಿಗೆ ಬರೂದ್ರಾಗ ಲೈಟ್ ಮಂದ ಆಗತಾವ, ಮುಂಜಾನೆ ಸೆಲ್ಫ್ ಎತ್ತೂದಿಲ್ಲ. ಬ್ಯಾಟರಿ ಬದಲಿಸಿ ಎರಡು ತಿಂಗಳಾತು. ಕಬ್ಬಿನ ಸೀಜನ್‌ನಾಗ ತ್ರಾಸ ಜಾಸ್ತಿ. ಈಗ ಡೈನಮೋನೂ ಹೊಸದು ಹಾಕಸ್ರಿ ಅಂತಾರ. ಹಾಕಸಲೇನ್ರಿ?
— ಓದುಗರು, ರಾಯಬಾಗ

ಈಗಲೇ ಬೇಡ. ಮೊದಲು ಮೀಟರ್ ಹಿಡಿಸಿ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಚ್ಚಿ, ರೇಸ್ ಸ್ವಲ್ಪ ಕೊಟ್ಟಾಗ 13.8ರಿಂದ 14.4ರವರೆಗೆ ಏರಬೇಕು. 13ರ ಕೆಳಗೇ ನಿಂತರೆ ಚಾರ್ಜ್ ಸಾಲುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಹೊಸ ಬ್ಯಾಟರಿಯೂ ಕುದಿದು ಹಾಳಾಗುತ್ತದೆ.

ಕಬ್ಬಿನ ಸೀಜನ್ ಎಂದು ಬರೆದಿದ್ದೀರಲ್ಲ, ಗುಟ್ಟು ಅಲ್ಲೇ ಇರಬಹುದು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಹಿಂದೆ ತೆವಳುವಾಗ ಇಂಜಿನ್ ತಿರುಗುವುದೇ ಕಡಿಮೆ, ಡೈನಮೋ ಕೊಡುವುದೂ ಕಡಿಮೆ. 60 ವ್ಯಾಟ್‌ನ ಎರಡು ಹೆಡ್‌ಲೈಟ್‌ಗಳೇ 10 ಆಂಪಿಯರ್ ಎಳೆಯುತ್ತವೆ. ಡೈನಮೋ ಗಟ್ಟಿಯಿದ್ದರೆ ಇದನ್ನು ತಾಳುತ್ತದೆ. ಸವೆದದ್ದಾದರೆ ಕೊರತೆಯನ್ನೆಲ್ಲ ಬ್ಯಾಟರಿ ತುಂಬಬೇಕಾಗುತ್ತದೆ.

ಬೆಲ್ಟ್ ಸಡಿಲವಿದೆಯೇ ನೋಡಿಸಿ. ಬಿಗಿಯಿದ್ದರೆ ಡೈನಮೋ ಬಿಚ್ಚಿಸಿ, ಕಾರ್ಬನ್ ಬ್ರಶ್ ನೋಡಿಸಿ. ಇಪ್ಪತ್ತು ವರ್ಷದ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಅದರ ಮೇಲೆಯೇ. ಚಾವಿ ತಿರುವಿದಾಗ, ಇಂಜಿನ್ ಎಬ್ಬಿಸುವ ಮುಂಚೆ, ಡ್ಯಾಶ್‌ಬೋರ್ಡಿನ ಬ್ಯಾಟರಿ ಗುರುತಿನ ಕೆಂಪು ದೀಪ ಹತ್ತದಿದ್ದರೆ ಅನುಮಾನ ಇನ್ನೂ ಗಟ್ಟಿ. ಆ ದೀಪದ ಬಲ್ಬನ್ನೂ ಒಮ್ಮೆ ಪರೀಕ್ಷಿಸಿ. ಬ್ರಶ್, ಬೇರಿಂಗ್, ಡಯೋಡ್ ಪ್ಲೇಟ್ ಬದಲಿಸಿದರೆ ಹಳೆಯ ಡೈನಮೋ ಮತ್ತೆ ವರ್ಷಗಟ್ಟಲೆ ನಡೆಯುತ್ತದೆ. ಒಳಗಿನ ವೈಂಡಿಂಗ್ ಸುಟ್ಟು ಕಪ್ಪಾಗಿದ್ದರೆ ಮಾತ್ರ ಬೇರೆಯದನ್ನು ಹಾಕಿಸಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ: ಚಾರ್ಜ್ ನೋಡಲೆಂದು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕೀಳಲು ಯಾರಿಗೂ ಬಿಡಬೇಡಿ. ಆ ಕ್ಷಣಕ್ಕೆ ವೋಲ್ಟೇಜ್ ಜಿಗಿದು ಚೆನ್ನಾಗಿದ್ದ ಡಯೋಡ್‌ಗಳೂ ಸುಡುತ್ತವೆ.

2019ರ ಆಗಸ್ಟ್‌ನಾಗ ಕೃಷ್ಣಾ ಹೊಳಿ ನೀರು ನಮ್ಮ ಗಾಡಿ ಬಾನೆಟ್ ತನಕ ಬಂದಿತ್ತು. ಗಾಡಿ ನಡೀತದ, ಆದ್ರ ಈಗ ಬೆಲ್ಟ್ ಕಡೆಯಿಂದ ಗರಗರ ಸಪ್ಪಳ.
— ಓದುಗರು, ಕಾಗವಾಡ

ಹೊಳೆಯ ರಾಡಿ ಬೇರಿಂಗ್ ಒಳಗೆ ಹೊಕ್ಕರೆ ಗ್ರೀಸ್ ಕೆಡುತ್ತದೆ, ಸಪ್ಪಳ ತಡವಾಗಿ ಕೇಳಿಸುತ್ತದೆ. ಇಂಜಿನ್ ಬಂದ್ ಮಾಡಿ, ಬೆಲ್ಟ್ ತೆಗೆಸಿ, ಡೈನಮೋ ಪುಲ್ಲಿಯನ್ನು ಕೈಯಿಂದ ತಿರುಗಿಸಿ. ಒರಟಾಗಿ ತಿರುಗಿದರೆ ಎರಡೂ ಬೇರಿಂಗ್ ಬದಲಿಸಿ. ನುಣುಪಾಗಿದ್ದರೆ ವಾಟರ್ ಪಂಪ್ ನೋಡಿಸಿ, ಅದೂ ಹೀಗೇ ಕೂಗುತ್ತದೆ. ತಡ ಮಾಡಬೇಡಿ: ಬೇರಿಂಗ್ ಹಿಡಿದುಕೊಂಡು ಬೆಲ್ಟ್ ಹರಿದರೆ, ಅದೇ ಬೆಲ್ಟ್‌ನಿಂದ ತಿರುಗುವ ವಾಟರ್ ಪಂಪ್ ನಿಂತು ಇಂಜಿನ್ ಕಾಯುತ್ತದೆ.