ಉಳಿದವರನ್ನು ಯಾರ ಹತ್ತಿರ ಕಳಿಸುತ್ತೀಯೆ?

ಸ್ವಂತ ಕ್ಲಿನಿಕ್ ತೆರೆಯುತ್ತೀಯೆಂದು ಕೇಳಿ ಸಂತೋಷವಾಯಿತು ಕಣಮ್ಮ. ಬೋರ್ಡಿನ ಮೇಲೆ ಬರೀ ‘ಆಪ್ತಸಮಾಲೋಚನೆ’ ಎಂದು ಬರೆಸಿ ಬಂದವರನ್ನೆಲ್ಲ ನೋಡುವುದೋ, ಇಲ್ಲ ಓಸಿಡಿ ಎಂಬ ಗೀಳಿನ ಕಾಯಿಲೆ, ಮಕ್ಕಳ ಸಮಸ್ಯೆ, ದಾಂಪತ್ಯ ಎಂದು ಯಾವುದಾದರೂ ಒಂದನ್ನೇ ಹಿಡಿದು ಕೂರುವುದೋ ಎಂದು ಕೇಳಿದ್ದೀಯೆ. ನಿನ್ನ ಜೊತೆ ಓದಿದವರು ಇನ್‌ಸ್ಟಾಗ್ರಾಮ್ ನೋಡಿಕೊಂಡು ‘ಒಂದನ್ನೇ ಹಿಡಿ, ಆಗಲೇ ಹೆಸರು ಬರೋದು’ ಎಂದಿರುತ್ತಾರೆ. ನನ್ನ ಪ್ರಶ್ನೆ ಬೇರೆ. ಒಂದನ್ನು ಹಿಡಿದ ಮೇಲೆ ಉಳಿದವರನ್ನು ಯಾರ ಹತ್ತಿರ ಕಳಿಸುತ್ತೀಯೆ? ಇದಕ್ಕೆ ಉತ್ತರ ಸಿಕ್ಕಿದರೆ ನಿನ್ನ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆ.

ಬೆಂಗಳೂರಿನಲ್ಲಾದರೆ ತೊಂದರೆಯಿಲ್ಲ. ನಿಮ್ಹಾನ್ಸ್ ಇದೆ. 1974ರಿಂದ ಅಲ್ಲಿ ಕಲಿತು ಹೊರಬಂದವರು ಊರ ತುಂಬ ಇದ್ದಾರೆ. ಕುಟುಂಬಗಳಿಗೆ ಒಂದು ಕಡೆ, ಕುಡಿತ ಬಿಡಿಸಲು ಇನ್ನೊಂದು ಕಡೆ, ಮೊಬೈಲ್ ಕೆಳಗಿಡಲಾರದ ಹುಡುಗರಿಗೆಂದೇ 2014ರಿಂದ ‘ಶಟ್’ ಎನ್ನುವ ಕ್ಲಿನಿಕ್. ಜಯನಗರದಲ್ಲಿ ಕೂತು ‘ನಾನು ಇಷ್ಟೇ ನೋಡುವುದು, ನಿಮಗೆ ಬೇಕಾದವರು ಇಂಥ ಕಡೆ ಇದ್ದಾರೆ’ ಎಂದು ಚೀಟಿ ಬರೆದುಕೊಡಬಹುದು. ಹಾಸನದಲ್ಲೋ ಗದಗದಲ್ಲೋ ಅದೇ ಮಾತಾಡಿದರೆ ಬಂದವರು ಬಸ್ ಹತ್ತಿ ಮನೆಗೇ ಹೋಗುತ್ತಾರೆ. ಚಿಕಿತ್ಸೆ ಬೇಕಾದವರಲ್ಲಿ ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಅದು ಸಿಗುತ್ತಿಲ್ಲ ಎಂದು 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೇ ಹೇಳಿತು. ಸಣ್ಣ ಊರಿನಲ್ಲಿ ಎಲ್ಲರನ್ನೂ ನೋಡುವುದು ಕಡಿಮೆ ದರ್ಜೆಯ ಕೆಲಸವೆಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ.

ಹಾಗಂತ ಎಲ್ಲರಿಗೂ ಒಂದೇ ಔಷಧ ಎಂದು ಹೊರಟರೂ ಆಗುವುದಿಲ್ಲ. ಓಸಿಡಿಯನ್ನೇ ತೆಗೆದುಕೋ. ನಮ್ಮ ಮನೆಗಳಲ್ಲಿ ಅದು ಎಷ್ಟೋ ವರ್ಷ ಮಡಿಯ ಹೆಸರಿನಲ್ಲಿ ನಡೆದುಹೋಗುತ್ತದೆ. ನಲವತ್ತರ ಗೃಹಿಣಿ ಅಂದುಕೋ. ಹಾಲಿನ ಪ್ಯಾಕೆಟ್ ತೊಳೆಯುತ್ತಾಳೆ, ತೊಳೆದ ಕೈಯಿಂದ ಮುಟ್ಟಿದ ನಲ್ಲಿಯನ್ನೂ ತೊಳೆಯುತ್ತಾಳೆ. ಗಂಡ ಆಫೀಸಿನಿಂದ ಬಂದರೆ ಸೀದಾ ಬಚ್ಚಲಿಗೆ ಹೋಗಬೇಕು. ಮಕ್ಕಳ ಸ್ಕೂಲ್ ಬ್ಯಾಗಿಗೆ ಒಳಗೆ ಜಾಗವಿಲ್ಲ. ‘ನಮ್ಮ ಸೊಸೆಗೆ ಮಡಿ ಸ್ವಲ್ಪ ಜಾಸ್ತಿ’ ಎಂದು ಅತ್ತೆ ಮೊದಮೊದಲು ಹೆಮ್ಮೆಯಿಂದಲೇ ಹೇಳಿಕೊಂಡಿರುತ್ತಾರೆ. ಬೆರಳ ಸಂದು ಬಿರಿದು ರಕ್ತ ಬಂದಾಗ ಹೋಗುವುದು ಚರ್ಮದ ಡಾಕ್ಟರ ಹತ್ತಿರ. ಮಡಿಗೊಂದು ಕಟ್ಟಳೆಯಿದೆ, ಸ್ನಾನವಾಯಿತು, ಪಂಚೆ ಉಟ್ಟಾಯಿತು, ಅಲ್ಲಿಗೆ ಮುಗಿಯಿತು. ಈ ಕಾಯಿಲೆಗೆ ಮುಗಿಯಿತು ಅನ್ನುವುದೇ ಇಲ್ಲ. ಆ ವ್ಯತ್ಯಾಸವನ್ನು ಮನೆಯವರ ಮನಸ್ಸಿಗೆ ನೋವಾಗದ ಹಾಗೆ ಬಿಡಿಸಿ ಹೇಳುವ ಕನ್ನಡ ನಿನ್ನ ಬಾಯಲ್ಲಿರಬೇಕು.

ಅವಳಿಗೆ ‘ಉಸಿರು ಎಳೆದು ಬಿಡಿ, ಏನೂ ಆಗಲ್ಲ’ ಎಂದೆಯೋ, ಕೆಟ್ಟಿತು. ಆ ‘ಏನೂ ಆಗಲ್ಲ’ವನ್ನು ಇನ್ನೊಮ್ಮೆ ಕೇಳುವುದಕ್ಕೇ ವಾರವಾರ ಬರುತ್ತಾಳೆ, ಫೀಸೂ ಕೊಡುತ್ತಾಳೆ, ಮನೆಯ ನಲ್ಲಿ ಮಾತ್ರ ನಿಲ್ಲುವುದಿಲ್ಲ. ಅಲ್ಲಿ ಬೇಕಾದ ವಿದ್ಯೆಯೇ ಬೇರೆ. ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ಅದರ ದಾರಿ ತೋರಿಸಿದರು. ಹೆದರುವ ವಸ್ತುವನ್ನು ಮುಟ್ಟಿಸಬೇಕು, ಮುಟ್ಟಿದ ಮೇಲೆ ತೊಳೆಯಲು ಬಿಡಬಾರದು. ಮೊದಲು ಬಾಗಿಲ ಚಿಲಕ, ಆಮೇಲೆ ಗಂಡನ ಚಪ್ಪಲಿ, ಎಷ್ಟೋ ವಾರದ ಮೇಲೆ ಕಸದ ಬುಟ್ಟಿಯ ಅಂಚು. ಒಂದೊಂದು ಸಲವೂ ಕಳವಳ ಏರಿ ತಾನಾಗಿ ಇಳಿಯುವ ತನಕ ನೀನು ಪಕ್ಕದಲ್ಲಿ ಕೂರಬೇಕು. ಕೆಲವೊಮ್ಮೆ ಅವಳ ಮನೆಗೇ ಹೋಗಬೇಕಾಗುತ್ತದೆ, ಅವಳು ಹೆದರುವುದು ಅವಳ ಮನೆಯ ಬಚ್ಚಲಿಗೆ, ನಿನ್ನ ಕ್ಲಿನಿಕ್ಕಿನದಕ್ಕಲ್ಲ. ಎದೆ ಡವಡವ ಎನ್ನುತ್ತಿರುವಾಗ ‘ಟೈಮಾಯಿತು’ ಎಂದು ಎಬ್ಬಿಸಿ ಕಳಿಸುವಂತಿಲ್ಲ. ಹಾಗಾಗಿ ಗಂಟೆಗೊಬ್ಬರಂತೆ ದಿನಕ್ಕೆ ಏಳೆಂಟು ಜನರನ್ನು ನೋಡುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ, ಫೀಸನ್ನೂ ಬೇರೆಯಾಗಿಯೇ ಕೂಡಿ ಕಳೆಯಬೇಕು. ಪರಿಣತಿ ಎಂದರೆ ಈ ಮಟ್ಟದ ಕೆಲಸ. ಎರಡು ದಿನದ ಆನ್‌ಲೈನ್ ತರಬೇತಿಯ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿ ‘ಟ್ರಾಮಾ ತಜ್ಞೆ’ ಎಂದು ಬರೆಸಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೇಲ್ವಿಚಾರಣೆಗೆ ಒಬ್ಬ ಹಿರಿಯರಿಲ್ಲದೆ ‘ತಜ್ಞೆ’ ಎಂಬ ಪದ ಬಳಸಬೇಡ.

ಇನ್ನೊಂದು ವಿಷಯ. ಬೋರ್ಡನ್ನು ಓದುವವರು ರೋಗಿಗಳೆಂದು ತಿಳಿದಿದ್ದೀಯೆ. ಅವರು ರೋಗದ ಹೆಸರು ಹಿಡಿದು ಬರುವುದಿಲ್ಲ. ‘ನಿದ್ದೆ ಹತ್ತಲ್ಲ’, ‘ತಲೆ ಭಾರ’, ‘ಮೈಯೆಲ್ಲ ಉರಿ’, ‘ಹುಡುಗ ಮಾತು ಕೇಳಲ್ಲ’ ಎನ್ನುತ್ತ ಬರುತ್ತಾರೆ. ನಿನ್ನ ಪರಿಣತಿ ಏನೆಂದು ತಿಳಿಯಬೇಕಾದ್ದು ಬೇರೆ ಡಾಕ್ಟರುಗಳಿಗೆ. ಬಿರಿದ ಕೈ ನೋಡುವ ಚರ್ಮದ ಡಾಕ್ಟರು, ಇಸಿಜಿ ಸರಿಯಿದ್ದರೂ ಹಾರ್ಟ್ ಅಟ್ಯಾಕೆಂದು ಮತ್ತೆ ಮತ್ತೆ ಓಡಿಬರುವವರನ್ನು ನೋಡುವ ಹೃದ್ರೋಗ ತಜ್ಞರು, ಬಾಣಂತನದಲ್ಲಿ ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದ ತಾಯಿಯನ್ನು ನೋಡುವ ಪ್ರಸೂತಿ ತಜ್ಞೆ. ಇವರನ್ನು ಒಬ್ಬೊಬ್ಬರನ್ನಾಗಿ ಹೋಗಿ ಕಾಣು. ಅವರು ಕಳಿಸಿದವರ ಬಗ್ಗೆ, ರೋಗಿಯ ಒಪ್ಪಿಗೆ ಪಡೆದು, ನಾಲ್ಕು ಸಾಲಿನ ವರದಿ ವಾಪಸ್ ಬರೆ. ನಮ್ಮಲ್ಲಿ ಅಷ್ಟು ಮಾಡುವವರೇ ಕಡಿಮೆ, ಅದೊಂದರಿಂದಲೇ ಹೆಸರು ಬರುತ್ತದೆ.

ಮಕ್ಕಳನ್ನು ಮಾತ್ರ ನೋಡುತ್ತೇನೆಂದರೆ ಆಟದ ಸಾಮಾನಿಗಿಂತ ಮೊದಲು ಕಾನೂನು ತಿಳಿದಿರಲಿ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು, ಗುಟ್ಟು ಕಾಯುತ್ತೇನೆಂಬ ನಿನ್ನ ಮಾತು ಅಲ್ಲಿ ನಿಲ್ಲುವುದಿಲ್ಲ. ಫೀಸು ಕೊಡುವ ಅಪ್ಪ ಅಮ್ಮನಿಗೆ ಇದನ್ನು ಮೊದಲ ದಿನವೇ ಹೇಳಿಬಿಡು. ದಾಂಪತ್ಯದ ವಿಚಾರ ಹಿಡಿದರೆ ಎಂದಾದರೊಂದು ದಿನ ಕೌಟುಂಬಿಕ ನ್ಯಾಯಾಲಯದಿಂದ ನಿನ್ನ ಟಿಪ್ಪಣಿ ಪುಸ್ತಕಕ್ಕೂ ಕರೆ ಬರಬಹುದು. ಏನು ಬರೆದಿಡಬೇಕೆಂಬ ಎಚ್ಚರವಿರಲಿ. ಯಾವುದನ್ನೇ ಹಿಡಿದರೂ, ಸಾಯುವ ಮಾತಾಡುವವರನ್ನು ‘ಇದು ನನ್ನ ವಿಷಯವಲ್ಲ’ ಎಂದು ಕಳಿಸುವಂತಿಲ್ಲ. ಆ ಕೆಲಸ ಎಲ್ಲರಿಗೂ ಬರಬೇಕು. ರಾತ್ರಿ ನೀನು ಸಿಗದಿದ್ದಾಗ ಕರೆ ಮಾಡಲು ಟೆಲಿ-ಮಾನಸ್ ಸಹಾಯವಾಣಿಯ ನಂಬರ್ 14416 ಅವರ ಕೈಗೆ ಬರೆದುಕೊಡು, ದುಡ್ಡಿಲ್ಲದ ಕರೆ, ಕನ್ನಡದಲ್ಲೂ ಮಾತಾಡುತ್ತಾರೆ.

ಹಾಗಾದರೆ ಯಾವುದನ್ನು ಹಿಡಿಯಲಿ ಎನ್ನುತ್ತೀಯೆ. ಮೊದಲ ಎರಡು ವರ್ಷ ಎಲ್ಲರನ್ನೂ ನೋಡು, ಆದರೆ ರಿಜಿಸ್ಟರನ್ನು ಸರಿಯಾಗಿ ಇಡು. ಯಾರು ಮೂರನೇ ಸಲಕ್ಕೆ ಬರಲಿಲ್ಲ, ಯಾರು ಗುಣವಾಗಿ ಹೋದರು, ಯಾರು ತಮ್ಮ ಅಕ್ಕತಂಗಿಯನ್ನೂ ಕರೆತಂದರು, ಎಲ್ಲ ಅದರಲ್ಲಿರುತ್ತದೆ. ನಿನಗೆ ಇಷ್ಟವಾದ ವಿಷಯಕ್ಕಿಂತ ನಿನ್ನ ಕೈಯಲ್ಲಿ ಗುಣವಾದವರ ಪಟ್ಟಿಯನ್ನು ನಂಬು. ಆಮೇಲೆ ವಾರದಲ್ಲಿ ಎರಡು ದಿನ ಆ ಪಟ್ಟಿ ತೋರಿಸಿದ ಕೆಲಸಕ್ಕೆ ಮೀಸಲಿಡು, ಉಳಿದ ದಿನ ಬಾಗಿಲು ಎಲ್ಲರಿಗೂ ತೆರೆದಿರಲಿ. ಬಾಡಿಗೆಯೂ ಹುಟ್ಟುತ್ತದೆ, ಕೈಯೂ ಪಳಗುತ್ತದೆ.

ಈ ವಾರ ಮಾತ್ರ ಇಷ್ಟು ಮಾಡು. ಒಂದು ಹಾಳೆಯಲ್ಲಿ ನಿನ್ನ ಊರಿನಲ್ಲಿರುವ ಮನೋವೈದ್ಯರು, ಕುಡಿತ ಬಿಡಿಸುವವರು, ಮಕ್ಕಳನ್ನು ನೋಡುವವರು, ಕಡಿಮೆ ಫೀಸಿಗೆ ನೋಡುವವರ ಹೆಸರು ಬರೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಅವರಲ್ಲಿ ಪ್ರತಿಯೊಬ್ಬರಿಗೂ ಫೋನ್ ಮಾಡಿ, ನಾನು ಕಳಿಸಿದವರನ್ನು ನೋಡುತ್ತೀರಾ ಎಂದು ಕೇಳು.