ಕುಡಿಯುವ ಬಾವಿಯ ನೀರಿನ ಪರೀಕ್ಷೆ

ಹೊಲದ ಮಣ್ಣನ್ನು ಪರೀಕ್ಷೆಗೆ ಕಳುಹಿಸುವ ರೈತರು ಈಗ ಅನೇಕರಿದ್ದಾರೆ. ಮನೆಮಂದಿಯೆಲ್ಲ ಕುಡಿಯುವ ನೀರನ್ನು ಕಳುಹಿಸುವವರು ವಿರಳ. “ನೀರು ತಿಳಿಯಾಗಿದೆ, ಬೇಳೆ ಚೆನ್ನಾಗಿ ಬೇಯುತ್ತದೆ, ಇನ್ನೇನು ಬೇಕು?” ಎಂಬುದು ವಾಡಿಕೆಯ ಮಾತು. ನಮ್ಮ ಮಡಕಶಿರಾ, ರಾಯದುರ್ಗ ಸೀಮೆಯಲ್ಲಿಯೂ ನೆರೆಯ ಪಾವಗಡದಲ್ಲಿಯೂ ಈ ಮಾತನ್ನು ನಂಬಿ ಕೂರುವಂತಿಲ್ಲ.

ಇಲ್ಲಿಯ ಗ್ರಾನೈಟು ಬಂಡೆಗಳಲ್ಲಿ ಫ್ಲೋರೈಡ್ ಉಳ್ಳ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಸುಣ್ಣದ ಅಂಶ ಕಡಿಮೆಯಿರುವ ಮೆದು ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಉಳಿಯುವುದರಿಂದ, ಬೇಳೆಯನ್ನು ಬೇಗ ಬೇಯಿಸುವ ನೀರಿನಲ್ಲಿಯೇ ಈ ದೋಷವಿರಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು; ಬೇರೆ ನೀರು ಸಿಗದಿದ್ದಲ್ಲಿ 1.5ರವರೆಗೆ ಒಪ್ಪಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ. ಆಗ ಬಿದ್ದ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬಹಳ ವರ್ಷ ಇಂಥ ನೀರನ್ನೇ ಕುಡಿದರೆ ಎಲುಬು, ಕೀಲುಗಳೂ ಕೆಡುತ್ತವೆ.

ಎರಡನೆಯ ದೋಷ ನಾವೇ ಮಾಡಿಕೊಳ್ಳುವುದು. ತಿಪ್ಪೆ, ಕಕ್ಕಸಿನ ಗುಂಡಿ, ಹೊಲಕ್ಕೆ ಚೆಲ್ಲಿದ ಯೂರಿಯಾ ಇವುಗಳಿಂದ ನೈಟ್ರೇಟ್ ಬಾವಿಗೆ ಇಳಿಯುತ್ತದೆ. ತಿಪ್ಪೆ, ಗುಂಡಿಗಳಿಂದ ರೋಗಕ್ರಿಮಿಗಳೂ ಬರುತ್ತವೆ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರು ಆರು ತಿಂಗಳೊಳಗಿನ ಬಾಟಲಿ ಹಾಲಿನ ಕೂಸಿಗೆ ಅಪಾಯ.

ನೀರು ತೆಗೆಯುವ ಕ್ರಮ:

1. ಕೊಳವೆಬಾವಿಯಾದರೆ ಮೊದಲು ಹತ್ತು ನಿಮಿಷ ಪಂಪು ನಡೆಸಬೇಕು. ಕೊಳವೆಯಲ್ಲಿ ನಿಂತಿದ್ದ ನೀರು ಬಂಡೆಯ ನೀರಿನ ಗುಣವನ್ನು ತೋರಿಸದು.

2. ಫ್ಲೋರೈಡ್, ನೈಟ್ರೇಟ್ ಪರೀಕ್ಷೆಗೆ ಒಂದು ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಬಾಟಲಿ ಸಾಕು. ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಬೇಕು. ತಣ್ಣಗಿಟ್ಟು ಆದಷ್ಟು ಬೇಗ ತಲುಪಿಸಬೇಕು.

3. ಕ್ರಿಮಿಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಕ್ರಿಮಿಶುದ್ಧ ಸೀಸೆಯೇ ಬೇಕು. ಇದನ್ನು ತೊಳೆಯಕೂಡದು, ಬಾಯಿಗೂ ಬಿರಡೆಯ ಒಳಭಾಗಕ್ಕೂ ಬೆರಳು ತಾಗಕೂಡದು. ಮೇಲೆ ಒಂದಂಗುಲ ಖಾಲಿ ಬಿಟ್ಟು ಮುಚ್ಚಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಮುಟ್ಟಿಸಬೇಕು.

4. ಬಾವಿಯ ಹೆಸರು, ಆಳ, ದಿನಾಂಕ, ವೇಳೆಗಳನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು. ಬ್ಲೀಚಿಂಗ್ ಪುಡಿ ಹಾಕಿದ್ದರೆ ಅದನ್ನೂ ತಿಳಿಸಬೇಕು.

ಒಂದು ಸಲದ ಪರೀಕ್ಷೆ ಸಾಲದು. ಬೇಸಗೆಯ ಕೊನೆಯಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ, ಅದೇ ಬಾವಿಯಿಂದ ಅದೇ ಕ್ರಮದಲ್ಲಿ ತೆಗೆಯಬೇಕು. ನೀರಿನ ಮಟ್ಟ ಇಳಿದಾಗ, ಬೋರನ್ನು ಇನ್ನೂ ಆಳಕ್ಕೆ ಕೊರೆಸಿದಾಗ ಗುಣ ಬದಲಾಗಬಹುದು. ಪಕ್ಕದ ಹೊಲದ ಬೋರಿನ ಫಲಿತಾಂಶ ನಿಮ್ಮ ಬೋರಿಗೆ ಅನ್ವಯಿಸದು. ಊರಿನ ಶಾಲೆಯಲ್ಲಿ ಒಂದು ಪುಸ್ತಕವಿಟ್ಟು, ದೊಡ್ಡ ತರಗತಿಯ ಮಕ್ಕಳಿಂದ ಪ್ರತಿ ಬಾವಿಯ ಅಂಕಿಗಳನ್ನು ಬರೆಸಿದರೆ ನಾಲ್ಕೈದು ವರ್ಷಗಳಲ್ಲಿ ಯಾವ ಬಾವಿ ಕೆಡುತ್ತಿದೆಯೆಂದು ಊರಿಗೇ ಕಾಣುತ್ತದೆ.

ದೋಷ ಕಂಡರೆ ಉಪಾಯವನ್ನು ಅರಿತು ಮಾಡಬೇಕು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ; ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅವುಗಳ ಪ್ರಮಾಣ ಏರುತ್ತದೆ. ಬ್ಲೀಚಿಂಗ್ ಪುಡಿಯೂ ಕ್ರಿಮಿಗಳಿಗೆ ಮಾತ್ರ ಮದ್ದು. ಫ್ಲೋರೈಡ್ ಮೀರಿದ ನೀರನ್ನು ಸ್ನಾನಕ್ಕೆ, ಬಟ್ಟೆ ಒಗೆಯಲು ಬಳಸಿ, ಕುಡಿಯಲು ಮತ್ತು ಅಡಿಗೆಗೆ ಬೇರೆ ನೀರು ತರಬೇಕು. ಮಾಳಿಗೆಯಿಂದ ಶುಚಿಯಾಗಿ ಹಿಡಿದ ಮಳೆನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ. ಅದನ್ನು ಕುದಿಸಿ ಆರಿಸಿ ಕುಡಿಯಬಹುದು.

ಬೋರು ಕೊರೆಸಲು ಲಕ್ಷಗಟ್ಟಲೆ ಸುರಿಯುವ ನಾವು, ಅದರ ನೀರು ಮಕ್ಕಳಿಗೆ ತಕ್ಕದ್ದೇ ಎಂದು ಕೇಳಲು ಒಂದು ಬಾಟಲಿ ತುಂಬಲಾರೆವೇ? ಬರುವ ಬೇಸಗೆ ಮುಗಿಯುವುದರೊಳಗೆ ಈ ಕೆಲಸ ಆಗಲಿ.