ತಂಬೂರಿಯ ಜೀವಾಳಿ ಮತ್ತು ಗಿಟಾರಿನ ಪೆಟ್ಟಿಗೆ

ಕುಮಟೆಯಲ್ಲಾಗಲಿ ಭಟ್ಕಳದಲ್ಲಾಗಲಿ ಗಣೇಶೋತ್ಸವದ ರಸಮಂಜರಿಗೆ ಹೋದವರು ಒಂದು ವಿಶೇಷವನ್ನು ಗಮನಿಸಿರಬಹುದು. ಗಿಟಾರ್ ನುಡಿಸುವ ತರುಣನ ಕಾಲ ಬಳಿ ದಪ್ಪ ಪುಸ್ತಕದಂಥ ಪೆಟ್ಟಿಗೆಯೊಂದು ಇರುತ್ತದೆ. ಅದರ ಗುಂಡಿಯೊಂದನ್ನು ತುಳಿದೊಡನೆ ತಿಳಿಯಾಗಿದ್ದ ತಂತಿಯ ದನಿ ಗರ್ಜಿಸತೊಡಗುತ್ತದೆ. ಇನ್ನೊಂದನ್ನು ತುಳಿದರೆ ಬೆಟ್ಟದೆದುರು ಕೂಗಿದಂತೆ ಮಾರ್ದನಿಗೊಳ್ಳುತ್ತದೆ. ಹೊನ್ನಾವರದ ಕಡೆ ಯಕ್ಷಗಾನದ ಆಟಕ್ಕೆ ಹೋದರೆ, ಭಾಗವತರ ಪಕ್ಕದಲ್ಲಿಯೂ ಚಿಕ್ಕ ಪೆಟ್ಟಿಗೆಯೊಂದು ಶ್ರುತಿ ಹಿಡಿದು ಕುಳಿತಿರುತ್ತದೆ. ಹಿಂದೆ ಈ ಕೆಲಸವನ್ನು ಪುಂಗಿಯೂ ತರುವಾಯ ಹಾರ್ಮೋನಿಯವೂ ಮಾಡುತ್ತಿದ್ದುವು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದಾಗ ಇಂಥ ಪೆಟ್ಟಿಗೆಯನ್ನು ಯಾರೂ ಕಂಡಿರಲಿಲ್ಲ.

ಈ ಎರಡು ಪೆಟ್ಟಿಗೆಗಳೂ ಮಾಡುವುದು ಒಂದೇ ಬಗೆಯ ಕೆಲಸ: ಅಲ್ಲಿ ಇಲ್ಲದ ವಾದ್ಯದ ನಾದವನ್ನು ಅಲ್ಲಿ ಹುಟ್ಟಿಸುವುದು. ಇದು ಹೇಗೆ ಸಾಧ್ಯ? ಸಾಧ್ಯವಾದರೂ ಕೆಲವೊಮ್ಮೆ ಕೈಕೊಡುವುದೇಕೆ? ನಮ್ಮ ಪರಿಚಯದ ಕಾಲೇಜು ವಿದ್ಯಾರ್ಥಿಯೊಬ್ಬನು ಎರಡು ವರ್ಷ ಕೂಡಿಟ್ಟ ಹಣದಿಂದ ಗಿಟಾರಿನ ಪೆಟ್ಟಿಗೆಯನ್ನು ಕೊಂಡನು. ಹಳೆಯ ರಾಕ್ ಸಂಗೀತದ ನಾದವನ್ನು ರಾತ್ರಿಗಳೆಲ್ಲ ಕುಳಿತು ಹೊಂದಿಸಿದನು. ಮನೆಯಲ್ಲಿ ಅದು ಸೊಗಸಾಗಿತ್ತು. ವೇದಿಕೆಯ ಮೇಲೆ ಅದೇ ನಾದವು ಕೆಳಗೆ ಗುಂಯ್‌ಗುಟ್ಟಿ ಮೇಲೆ ಕಿವಿಯನ್ನು ಇರಿಯಿತು. ಪೆಟ್ಟಿಗೆ ಕೆಟ್ಟಿದೆಯೆಂದೇ ಅವನು ನಂಬಿದನು. ಕೆಟ್ಟಿರಲಿಲ್ಲ. ಅವನ ನಿರಾಶೆಗೆ ಕಾರಣವನ್ನು ಭೌತವಿಜ್ಞಾನದಲ್ಲಿ ಹುಡುಕೋಣ.

ಸ್ವರ ಒಂದು, ಬಣ್ಣ ಹಲವು

ಗಿಟಾರಿನ ಐದನೆಯ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಇದು ಮೂಲಸ್ವರ. ಆದರೆ ತಂತಿಯು ಇಡಿಯಾಗಿ ಕಂಪಿಸುವಾಗಲೇ ಎರಡು, ಮೂರು, ನಾಲ್ಕು ಭಾಗಗಳಾಗಿಯೂ ಕಂಪಿಸುತ್ತಿರುತ್ತದೆ. ಆದುದರಿಂದ 220, 330, 440 ಮುಂತಾದ ಉಪಸ್ವರಗಳೂ ಜೊತೆಗೂಡುತ್ತವೆ. ಒಂದೇ ಸ್ವರವನ್ನು ಕೊಳಲೂ ಹಾರ್ಮೋನಿಯವೂ ನುಡಿಸಿದಾಗ ನಾವು ಅವನ್ನು ಬೇರೆಬೇರೆಯೆಂದು ಗುರುತಿಸುವುದು ಬಹುಮಟ್ಟಿಗೆ ಈ ಉಪಸ್ವರಗಳ ಪ್ರಮಾಣದಿಂದ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಶದಪಡಿಸಿದನು. ಇದನ್ನು ನಾದಗುಣವೆಂದು ಕರೆಯೋಣ.

ಒಂದು ನೂಲೆಳೆಯ ಮಹಿಮೆ

ತಂಬೂರಿಯ ಕುದುರೆ ಅಗಲವಾಗಿದ್ದು ಅದರ ಮೈ ನಯವಾಗಿ ಬಾಗಿರುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ನೂಲೆಳೆಯನ್ನು ಸೇರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ, ಒಂದು ಜಾಗದಲ್ಲಿ ಮಂಕಾಗಿದ್ದ ತಂತಿ ಥಟ್ಟನೆ ಝೇಂಕರಿಸುತ್ತದೆ. ನಮ್ಮ ವಾದಕರು ಇದನ್ನು ಜೀವಾಳಿಯೆನ್ನುತ್ತಾರೆ, ಹಿಂದುಸ್ತಾನಿಯವರು ಜವಾರಿಯೆನ್ನುತ್ತಾರೆ. ತಂತಿಯು ಪ್ರತಿಯೊಂದು ಕಂಪನದಲ್ಲಿಯೂ ಕುದುರೆಯ ಮೈಯನ್ನು ಮುಟ್ಟಿ ಬಿಡುವುದರಿಂದ ಅದರ ಸರಳ ಚಲನೆ ಮುರಿಯುತ್ತದೆ. ಹಾಗೆ ಮುರಿದಾಗ ಉಪಸ್ವರಗಳು ಹೇರಳವಾಗಿ ಹುಟ್ಟುತ್ತವೆ.

ಸಿ. ವಿ. ರಾಮನ್ ಅವರು 1921ರಲ್ಲಿ ತಂಬೂರಿ ಮತ್ತು ವೀಣೆಗಳ ಬಗ್ಗೆ ಲೇಖನವೊಂದನ್ನು ಪ್ರಕಟಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಿಸಕೂಡದೆಂಬುದು ಹಳೆಯ ನಿಯಮ. ಈ ವಾದ್ಯಗಳಲ್ಲಿ ಅವೂ ಸ್ಪಷ್ಟವಾಗಿ ಕೇಳಿಸುತ್ತವೆಂದು ರಾಮನ್ ಕಂಡರು. ಅದಕ್ಕೆ ಬಾಗಿದ ಕುದುರೆಯೇ ಕಾರಣವೆಂದು ತೋರಿಸಿದರು. ಅಳತೆಯ ಉಪಕರಣಗಳಿಲ್ಲದ ಕಾಲದಲ್ಲಿ ನಮ್ಮ ಕುಶಲಕರ್ಮಿಗಳು ಕಿವಿಯನ್ನೇ ನಂಬಿ ಇದನ್ನು ಸಾಧಿಸಿದ್ದರು.

ದೋಷವೇ ಗುಣವಾದ ಬಗೆ

ಎಲೆಕ್ಟ್ರಿಕ್ ಗಿಟಾರಿನ ತಂತಿಯ ಕೆಳಗೆ ಅಯಸ್ಕಾಂತವೂ ಅದರ ಸುತ್ತ ಸಾವಿರಾರು ಸುತ್ತಿನ ತೆಳುವಾದ ತಾಮ್ರದ ತಂತಿಯೂ ಇರುತ್ತವೆ. ಉಕ್ಕಿನ ತಂತಿ ಅಲುಗಿದಾಗ, 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ, ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಇದನ್ನು ಹಿಗ್ಗಿಸುವುದೇ ಆಂಪ್ಲಿಫೈಯರಿನ ಕೆಲಸ. ಹಿಂದಿನ ಆಂಪ್ಲಿಫೈಯರುಗಳಲ್ಲಿ ಹಳೆಯ ರೇಡಿಯೋಗಳಲ್ಲಿದ್ದಂಥ ವಾಲ್ವುಗಳಿದ್ದುವು.

ವಾಲ್ವಿನ ಶಕ್ತಿಗೆ ಮಿತಿಯುಂಟು. ಅದನ್ನು ಮೀರಿಸಿ ದುಡಿಸಿದರೆ ಅಲೆಯ ಶಿಖರಗಳು ಪೂರ್ಣವಾಗಿ ಮೇಲೇರಲಾರದೆ ಚಪ್ಪಟೆಯಾಗುತ್ತವೆ. ಅಲೆಯ ಆಕಾರ ಕೆಟ್ಟಿತೆಂದರೆ ಹೊಸ ಉಪಸ್ವರಗಳು ಹುಟ್ಟಿದುವೆಂದೇ ಅರ್ಥ. 110ರ ಶುದ್ಧ ಅಲೆಯ ಮೇಲೂ ಕೆಳಗೂ ಸಮನಾಗಿ ಚಪ್ಪಟೆಯಾದರೆ 330, 550 ಮುಂತಾದ ಬೆಸ ಉಪಸ್ವರಗಳು ಬರುತ್ತವೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಮೆಯಾದರೆ 220, 440 ಮುಂತಾದ ಸಮ ಉಪಸ್ವರಗಳೂ ಸೇರುತ್ತವೆ. ಇಂಜಿನಿಯರುಗಳ ದೃಷ್ಟಿಯಲ್ಲಿ ಇದು ದೋಷ. ಆದರೆ ಲಂಡನ್ನಿನ ಜಿಮ್ ಮಾರ್ಷಲ್ 1962ರಲ್ಲಿ ಮಾಡತೊಡಗಿದಂಥ ಆಂಪ್ಲಿಫೈಯರುಗಳನ್ನು ಜಿಮಿ ಹೆಂಡ್ರಿಕ್ಸ್ ಮೊದಲಾದವರು ಈ ಮಿತಿಯಾಚೆಗೇ ದುಡಿಸಿ, ದೋಷವನ್ನೇ ರಾಕ್ ಸಂಗೀತದ ಕಂಠವನ್ನಾಗಿ ಮಾಡಿದರು. ಜೀವಾಳಿಯ ನೂಲು ಮಾಡುವುದನ್ನೇ ಇಲ್ಲಿ ವಾಲ್ವು ಬೇರೊಂದು ವಿಧದಲ್ಲಿ ಮಾಡಿತು. ಎರಡೂ ಸರಳವಾದ ಅಲೆಯನ್ನು ಮುರಿದು ಸಂಪನ್ನಗೊಳಿಸುವ ಉಪಾಯಗಳೇ.

ಇನ್ನೊಂದು ಸ್ವಾರಸ್ಯವುಂಟು. ಎರಡು ಸ್ವರಗಳನ್ನು ಕೂಡಿಸಿ ಹೀಗೆ ಮುರಿದರೆ ಅವುಗಳ ಮೊತ್ತ ಮತ್ತು ವ್ಯತ್ಯಾಸಗಳೂ ಕೇಳಿಸುತ್ತವೆ. 110ರ ಷಡ್ಜಕ್ಕೆ 165ರ ಪಂಚಮವನ್ನು ಸೇರಿಸಿದರೆ ವ್ಯತ್ಯಾಸ 55. ಇದು ಷಡ್ಜದ ಕೆಳಗಿನ ಷಡ್ಜವೇ. ಆದುದರಿಂದಲೇ ನಾದವು ಬುಡ ಸಮೇತ ಗಟ್ಟಿಯಾಗುತ್ತದೆ. ಷಡ್ಜದೊಡನೆ ಗಾಂಧಾರವನ್ನು ಸೇರಿಸಿದರೆ ಗಿಟಾರಿನ ಶ್ರುತಿಯಲ್ಲಿ ಈ ವ್ಯತ್ಯಾಸ ಸರಿಯಾಗಿ ಹೊಂದದೆ ಕಲಸುಮೇಲೋಗರವಾಗುತ್ತದೆ. ಗರ್ಜಿಸುವ ಗಿಟಾರಿನಲ್ಲಿ ವಾದಕರು ಬಹುವಾಗಿ ಷಡ್ಜ-ಪಂಚಮಗಳನ್ನೇ ಹಿಡಿಯುವುದಕ್ಕೆ ಇದು ಕಾರಣ. ನಮ್ಮ ತಂಬೂರಿಯನ್ನೂ ಸಾಮಾನ್ಯವಾಗಿ ಪಂಚಮ-ಷಡ್ಜಗಳಿಗೇ ಕೂಡಿಸುತ್ತಾರಲ್ಲವೆ?

ಅಂಕಿಗಳಾದ ನಾದ

ಈಗ ಪೆಟ್ಟಿಗೆಯೊಳಗೆ ಇಣುಕೋಣ. ಬೆಂಗಳೂರಿನಲ್ಲಿ ಇಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಈಗಿನ ಹಲವು ಶ್ರುತಿಯಂತ್ರಗಳು ನಿಜವಾದ ತಂಬೂರಿಯ ನಾದವನ್ನೇ ಅಂಕಿಗಳ ರೂಪದಲ್ಲಿ ಕೂಡಿಟ್ಟು ಮತ್ತೆ ಮತ್ತೆ ನುಡಿಸುತ್ತವೆ. ತಂಬೂರಿಗೆ ಇದು ಸಾಕು, ಏಕೆಂದರೆ ಅದರ ಸ್ವರಗಳು ಬದಲಾಗುವುದಿಲ್ಲ. ಗಿಟಾರಿಗೆ ಸಾಲದು. ವಾದಕನು ಮೆಲ್ಲನೆ ಮೀಟಿದರೆ ವಾಲ್ವು ತಿಳಿಯಾಗಿ ನುಡಿಯಬೇಕು, ಬಲವಾಗಿ ಮೀಟಿದರೆ ಕೆರಳಬೇಕು. ಆದುದರಿಂದ ಇಲ್ಲಿ ನಾದವನ್ನು ಕೂಡಿಟ್ಟರಾಗದು; ಆಯಾ ಕ್ಷಣದಲ್ಲಿಯೇ ಲೆಕ್ಕ ಹಾಕಬೇಕು.

ಪೆಟ್ಟಿಗೆಯು ಒಳಬಂದ ವಿದ್ಯುತ್ತನ್ನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಇಷ್ಟು ವಿದ್ಯುತ್ತು ಒಳಹೊಕ್ಕರೆ ವಾಲ್ವಿನಿಂದ ಎಷ್ಟು ಹೊರಬೀಳುತ್ತಿತ್ತೆಂಬುದನ್ನು ಪ್ರತಿಯೊಂದು ಅಂಕಿಗೂ ಗಣಿತದಿಂದ ಕಂಡುಕೊಳ್ಳುತ್ತದೆ. ಉತ್ತರವು ಕೆಲವು ಮಿಲಿಸೆಕೆಂಡುಗಳಲ್ಲಿಯೇ ಹೊರಬರಬೇಕು. 3 ಮಿಲಿಸೆಕೆಂಡೆಂದರೆ ಶಬ್ದವು ಗಾಳಿಯಲ್ಲಿ ಒಂದು ಮೀಟರ್ ನಡೆಯುವ ಕಾಲ. ಸ್ಪೀಕರಿನಿಂದ ಒಂದು ಹೆಜ್ಜೆ ಹಿಂದೆ ನಿಂತಷ್ಟೇ ವಿಳಂಬ! 1998ರಲ್ಲಿ ಲೈನ್ 6 ಎಂಬ ಸಂಸ್ಥೆಯು ಹೊರತಂದ ಪಾಡ್ ಎಂಬ ಉಪಕರಣವು ಈ ವಿದ್ಯೆಯನ್ನು ಜನಸಾಮಾನ್ಯರಿಗೆ ಮುಟ್ಟಿಸಿತು.

ಮಾರ್ದನಿಯ ಗುಟ್ಟು ಇನ್ನೂ ಸರಳ. ಕುಮಟಾ ತಾಲೂಕಿನ ಯಾಣದ ಬಂಡೆಯಂಥ ಗೋಡೆಯಿಂದ 60 ಮೀಟರ್ ದೂರದಲ್ಲಿ ನಿಂತು ಚಪ್ಪಾಳೆ ತಟ್ಟಿದೆವೆನ್ನೋಣ. ಶಬ್ದವು ಹೋಗಿ ಬರುವ 120 ಮೀಟರಿಗೆ ಸುಮಾರು 0.35 ಸೆಕೆಂಡು ಬೇಕು. ಪೆಟ್ಟಿಗೆಯು 48,000ರ ಲೆಕ್ಕದಲ್ಲಿ 16,800 ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡು ಆಮೇಲೆ ಹೊರಬಿಟ್ಟರೆ, ಅಷ್ಟೇ ದೂರದ ಬಂಡೆಯೊಂದು ವೇದಿಕೆಯ ಮೇಲೆ ಬಂದು ನಿಂತಂತಾಯಿತು.

ಕೊನೆಯದಾಗಿ ಸ್ಪೀಕರ್. ಗಿಟಾರಿನ 12 ಅಂಗುಲದ ಸ್ಪೀಕರು ಸೆಕೆಂಡಿಗೆ ಸುಮಾರು 5,000 ಕಂಪನಗಳ ಮೇಲಿನ ಶಬ್ದವನ್ನು ಬಹಳ ಕಡಮೆಯಾಗಿ ಹೊರಡಿಸುತ್ತದೆ. ಮುರಿದ ಅಲೆಯ ಕರ್ಕಶಭಾಗವನ್ನು ಸೋಸಿಬಿಡುವ ಜರಡಿಯೇ ಅದು. ಪೆಟ್ಟಿಗೆಯಲ್ಲಿ ಈ ಜರಡಿಗೂ ಒಂದು ಗಣಿತವುಂಟು. ಅದನ್ನು ಆರಿಸದೆ ನೇರವಾಗಿ ಸಭೆಯ ಧ್ವನಿವರ್ಧಕಕ್ಕೆ ಜೋಡಿಸಿದರೆ ಗಿಟಾರು ಜೀರುಂಡೆಯಂತೆ ಕಿರುಗುಟ್ಟುತ್ತದೆ. ಗಿಟಾರಿನದೇ ಆಂಪ್ಲಿಫೈಯರಿಗೆ ಜೋಡಿಸಿದಾಗಲೂ ಆರಿಸಿದ್ದರೆ ಎರಡು ಸಲ ಸೋಸಿದಂತಾಗಿ ಕಂಬಳಿ ಹೊದ್ದವನ ಮಾತಿನಂತೆ ಮಂಕಾಗುತ್ತದೆ.

ಕಿವಿಯೆಂಬ ಯಂತ್ರ

ನಮ್ಮ ವಿದ್ಯಾರ್ಥಿಯು ಈ ಜರಡಿಯನ್ನು ಸರಿಯಾಗಿಯೇ ಆರಿಸಿದ್ದನು. ಹಾಗಾದರೆ ಅವನು ತಪ್ಪಿದುದೆಲ್ಲಿ? 1933ರಲ್ಲಿ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಶಬ್ದ ಮೆಲ್ಲಗಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು, ಸ್ವಲ್ಪಮಟ್ಟಿಗೆ ಬಹಳ ಎತ್ತರದ ಸ್ವರಗಳೂ, ನಡುವಿನ ಸ್ವರಗಳಿಗಿಂತ ಕಡಮೆ ಕೇಳಿಸುತ್ತವೆ. ಶಬ್ದ ಜೋರಾದಂತೆ ಈ ತಾರತಮ್ಯ ಕುಗ್ಗುತ್ತದೆ. ಮನೆಯವರ ನಿದ್ದೆಗೆ ಭಂಗ ಬಾರದಿರಲೆಂದು ಅವನು ರಾತ್ರಿ ಮೆಲ್ಲನೆ ನುಡಿಸುತ್ತ, ಕೊರತೆಯೆನಿಸಿದ ತಗ್ಗು ಮತ್ತು ಎತ್ತರದ ಸ್ವರಗಳನ್ನು ಗುಂಡಿ ತಿರುಗಿಸಿ ಏರಿಸಿದ್ದನು. ವೇದಿಕೆಯಲ್ಲಿ ಶಬ್ದ ಜೋರಾದೊಡನೆ ಕಿವಿಯ ಕೊರತೆ ಮಾಯವಾಯಿತು. ಅವನು ಏರಿಸಿದ್ದುದು ಮಾತ್ರ ಹಾಗೆಯೇ ಉಳಿಯಿತು. ಅಷ್ಟೇ ಅಲ್ಲ, ಅವನು ಏರಿಸಿದಂತೆ ನಡುವಿನ ಸ್ವರಗಳು ಹಿಂದೆ ಬಿದ್ದು ಡ್ರಮ್ಮು-ಕೀಬೋರ್ಡುಗಳ ನಡುವೆ ಗಿಟಾರು ಮುಳುಗಿಹೋಯಿತು.

ಇದನ್ನು ತಿಳಿದ ಮೇಲೆ ಅವನು ಹೊಸ ಪೆಟ್ಟಿಗೆಯನ್ನು ಕೊಳ್ಳಲಿಲ್ಲ. ಒಂದು ಹಗಲು ವೇದಿಕೆಯಲ್ಲಿಯೇ, ಸಭೆಯ ಧ್ವನಿಯ ಮಟ್ಟದಲ್ಲಿಯೇ, ಮೂರು ಗುಂಡಿಗಳನ್ನು ಮತ್ತೆ ಹೊಂದಿಸಿದನು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

ಮಾಡಿ ನೋಡಿ

ಪೆಟ್ಟಿಗೆಯಿದ್ದವರು ಈ ಕ್ರಮದಲ್ಲಿ ಪರೀಕ್ಷಿಸಬಹುದು. ಮೊದಲು ಎಲ್ಲ ಪರಿಣಾಮಗಳನ್ನೂ ಆರಿಸಿ ಬರಿಯ ತಂತಿಯನ್ನು ಆಲಿಸಿ. ಅನಂತರ ವಾಲ್ವಿನ ಮಾದರಿಯೊಂದನ್ನೇ ಸೇರಿಸಿ, ಮೆಲ್ಲಗೆ ಮತ್ತು ಬಲವಾಗಿ ಮೀಟಿ ವ್ಯತ್ಯಾಸವನ್ನು ಗುರುತಿಸಿ. ಸ್ಪೀಕರಿನ ಜರಡಿಯನ್ನು ಹಾಕಿಯೂ ತೆಗೆದೂ ಕೇಳಿ. ಮಾರ್ದನಿಯನ್ನು ಕೊನೆಗೆ ಸೇರಿಸಿ. ಮುರಿಯುವ ಮೊದಲೇ ಮಾರ್ದನಿಯನ್ನು ಸೇರಿಸಿದರೆ ಮಾರ್ದನಿಯೂ ಮುರಿದು ಎಲ್ಲವೂ ಕಲಸಿಹೋಗುತ್ತದೆ. ಪೆಟ್ಟಿಗೆಯಿಲ್ಲದವರು ಚಿಂತಿಸಬೇಕಾಗಿಲ್ಲ. ಊರಿನಲ್ಲಿ ತಂಬೂರಿಯುಳ್ಳವರ ಅನುಮತಿ ಪಡೆದು, ಅವರು ಜೀವಾಳಿಯ ನೂಲನ್ನು ಸರಿಸುವಾಗ ಪಕ್ಕದಲ್ಲಿ ಕುಳಿತು ಆಲಿಸಿ. ಪಾಠ ಅದೇ.

ನಾದವು ಪೆಟ್ಟಿಗೆಯೊಳಗೆ ಕುಳಿತಿರುವ ವಸ್ತುವಲ್ಲ. ಬೆರಳು, ತಂತಿ, ವಾಲ್ವು, ಸ್ಪೀಕರು, ಬಯಲು, ಕಿವಿ - ಇವೆಲ್ಲ ಕೊಂಡಿಗಳಾದ ಸರಪಳಿ ಅದು. ಯಂತ್ರವು ನಡುವಿನ ಕೆಲವು ಕೊಂಡಿಗಳನ್ನು ಗಣಿತದಿಂದ ಕಟ್ಟಿಕೊಡಬಲ್ಲದು. ಮೊದಲನೆಯದಾದ ಬೆರಳನ್ನೂ ಕೊನೆಯದಾದ ಕಿವಿಯನ್ನೂ ನಾವೇ ಪಳಗಿಸಿಕೊಳ್ಳಬೇಕು.